ಬಳ್ಳಾರಿಗೆ ಬಂದ ಪುಸ್ ಮಾತ್ ಮತ್ತು ನಮ್ಮ ಮಾಮನ ವಿಮಾನ

"ಅಲ್ಲಪ, ಒಂದು ಸಣ್ಣ ವಿಮಾನ ತಗಂಡ್ರೆ ಎಷ್ಟಾಗ್ತೈತಿ?"

ಮೊನ್ನೆ ಹಬ್ಬಕ್ಕೆ ದರೋಜಿಗೆ ಹೋದಾಗ ನಮ್ಮ ಮಾಮ ಕೇಳಿದ ಪ್ರಶ್ನೆ ಇದು. ಬಾಯಲ್ಲಿದ್ದ ಮಿರ್ಚಿ ನೆತ್ತಿಗೆ ಹತ್ತಿತು. ಪಕ್ಕದಲ್ಲಿದ್ದ ಅತ್ತೆ ಮಾತ್ರ ತಲೆ ಕೂಡ ಎತ್ತಲಿಲ್ಲ. ಇದನ್ನು ಅವರು ಸಾಕಷ್ಟು ಸಲ ಕೇಳಿಸಿಕೊಂಡಿದ್ದಾರೆ ಅಂತ ಗೊತ್ತಾಯಿತು.

ಮಾಮ ರೈಲ್ವೆ ಡೀಸೆಲ್ ಶೆಡ್ಡಿನಲ್ಲಿ 38 ವರ್ಷ ಫಿಟ್ಟರ್ ಆಗಿದ್ದು ಇತ್ತೀಚೆಗೆ ನಿವೃತ್ತನಾಗಿದ್ದಾನೆ. ನಿವೃತ್ತರಾದವರು ಮನೆ ಕಟ್ಟಿಸ್ತಾರೆ, ಕಾಶಿಗೆ ಹೋಗ್ತಾರೆ, ಸೈಟಿನ ಮೇಲೆ ದುಡ್ಡು ಹಾಕ್ತಾರೆ. ಈತನಿಗೆ ವಿಮಾನ ಬೇಕಂತೆ! ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಆದ್ದರಿಂದ ಮೊಬೈಲ್ ರಿಪೇರಿಯಿಂದ ವಿಮಾನದವರೆಗೆ ಎಲ್ಲವೂ ನನಗೆ ಗೊತ್ತಿರಬೇಕು ಅನ್ನೋದು ಊರಲ್ಲಿ ಎಲ್ಲರ ನಂಬಿಕೆ :-)

ದರೋಜಿ ಅಂದರೆ ನಿಮಗೆ ಕರಡಿಧಾಮ ನೆನಪಾಗಬಹುದು (1994ರಲ್ಲಿ ಆಗಿದ್ದು), ಇಲ್ಲಾ ಬುರ್ರಕಥೆಯ ಈರಮ್ಮನವರು. ಹೆಚ್ಚೆಂದರೆ ದೊಡ್ಡ ಕೆರೆ. ವಿಮಾನಕ್ಕೂ ದರೋಜಿಗೂ ಏನು ಸಂಬಂಧ ಅಂದರೆ, ಪಕ್ಕದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯವರ ವಿದ್ಯಾನಗರ ವಿಮಾನ ನಿಲ್ದಾಣ ಇದೆ. 2017ರ ಸೆಪ್ಟೆಂಬರಿನಲ್ಲಿ ಉಡಾನ್ ಯೋಜನೆಯಲ್ಲಿ ಅಲ್ಲಿಂದ ಎಟಿಆರ್ ವಿಮಾನ ಹಾರಲು ಶುರುವಾದಾಗ ಮಾಮ ಸಂಜೆ ಕೆರೆ ಏರಿ ಮೇಲೆ ನಿಂತು ಶಬ್ದ ಕೇಳುತ್ತಿದ್ದನಂತೆ. ನೋಡುತ್ತಿದ್ದ ಅಲ್ಲ, ಕೇಳುತ್ತಿದ್ದ. ಎಂಜಿನ್ ಸರಿ ಇದೆಯೋ ಇಲ್ಲವೋ ಅಂತ! ಫಿಟ್ಟರುಗಳೇ ಹಾಗೆ.

ಆದರೆ ಆಸೆ ಶುರುವಾಗಿದ್ದು 2017ರಲ್ಲಿ ಅಲ್ಲ. 1982ರಲ್ಲಿ ಮಾಮ ಐಟಿಐ ಹುಡುಗ. ಆಗ ಪೇಪರಿನಲ್ಲಿ ಒಂದು ಸುದ್ದಿ ಓದಿದ್ದ. 78 ವರ್ಷದ ಒಬ್ಬ ಮುದುಕರು ಮರ ಮತ್ತು ಬಟ್ಟೆಯ ಪುಟ್ಟ ವಿಮಾನದಲ್ಲಿ ಒಬ್ಬರೇ ಕರಾಚಿಯಿಂದ ಮುಂಬೈಗೆ ಹಾರಿ ಬಂದರು ಅಂತ. ಆ ಮುದುಕರು ಜೆ.ಆರ್.ಡಿ. ಟಾಟಾ. "78ಕ್ಕೆ ಅವ್ರು ಹಾರಿಸಿದ್ರು, 60ಕ್ಕೆ ನನಗೇನಾಗೈತಿ?" ಅನ್ನೋದು ಮಾಮನ ವಾದ.

ಸರಿ, ಬೆಂಗಳೂರಿಗೆ ವಾಪಸ್ ಬಂದು ಹುಡುಕಲು ಕೂತೆ. ಬೆಲೆ ಹುಡುಕಲು ಹೋದವನಿಗೆ ಇತಿಹಾಸ ಸಿಕ್ಕಿತು, ಅದೂ ನಮ್ಮ ಬಳ್ಳಾರಿಯದೇ!

1982ರ ಹಾರಾಟ ಸುಮ್ಮನೆ ಶೋಕಿಗೆ ಮಾಡಿದ್ದಲ್ಲ. ಅದು ಸರಿಯಾಗಿ 50 ವರ್ಷ ಹಿಂದಿನ ಒಂದು ದಿನದ ನೆನಪು. 1932ರ ಅಕ್ಟೋಬರ್ 15, ಬೆಳಿಗ್ಗೆ 6.35. ಕರಾಚಿಯ ದ್ರಿಘ್ ರೋಡ್ ವಿಮಾನ ನಿಲ್ದಾಣದಿಂದ ಜೆ.ಆರ್.ಡಿ. ಒಂದು ಪುಸ್ ಮಾತ್ ವಿಮಾನ ಎಬ್ಬಿಸಿದರು. ಒಳಗೆ ಸುಮಾರು 25 ಕಿಲೋ ಟಪಾಲು. ಇಂಗ್ಲೆಂಡಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿವರೆಗೆ ತಂದು ಹಾಕುತ್ತಿದ್ದ ಕಾಗದಪತ್ರಗಳನ್ನು ಅಲ್ಲಿಂದ ಮುಂದೆ ಒಯ್ಯುವ ಕೆಲಸ. ಅಹಮದಾಬಾದಿನಲ್ಲಿ ಎತ್ತಿನ ಗಾಡಿಯಲ್ಲಿ ಡಬ್ಬಿ ಡಬ್ಬಿ ಪೆಟ್ರೋಲು ಬಂತು, ತುಂಬಿಸಿಕೊಂಡು ಮಧ್ಯಾಹ್ನ 1.50ಕ್ಕೆ ಮುಂಬೈಯ ಜುಹುವಿನಲ್ಲಿ ಇಳಿದರು. ಅವರಿಗೆ ಆಗ 28 ವರ್ಷ, ಹೆಚ್ಚೂ ಕಡಿಮೆ ನನ್ನ ವಯಸ್ಸು. (ನಾನು ಆ ವಯಸ್ಸಿಗೆ ಕಾರು ರಿವರ್ಸ್ ತೆಗೆಯಲು ಪರದಾಡ್ತಿದ್ದೆ, ಇರ್ಲಿ.)

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಟಪಾಲು ಮಾತ್ರ ನಿಲ್ಲಲಿಲ್ಲ. ಜುಹುವಿನಿಂದ ಮದ್ರಾಸಿಗೆ ಅದನ್ನು ಒಯ್ದದ್ದು ನೆವಿಲ್ ವಿನ್ಸೆಂಟ್, ಬ್ರಿಟಿಷ್ ವಾಯುಪಡೆಯಲ್ಲಿ ಇದ್ದು ಬಂದವನು. ಈ ಟಪಾಲು ವಿಮಾನದ ಯೋಜನೆಯನ್ನು ಟಾಟಾಗಳ ಹತ್ತಿರ ಹೊತ್ತು ತಂದವನೇ ಅವನು. ಇನ್ನೊಂದು ಪುಸ್ ಮಾತ್‌ನಲ್ಲಿ ಅವನು ಜುಹುವಿನಿಂದ ಹೊರಟು ರಾತ್ರಿ ತಂಗಿದ್ದು ಎಲ್ಲಿ ಅಂದುಕೊಂಡಿರಿ? ಬಳ್ಳಾರಿಯಲ್ಲಿ! ಮರುದಿನ ಬಳ್ಳಾರಿಯಿಂದ ಮದ್ರಾಸು. ಕರಾಚಿ, ಅಹಮದಾಬಾದ್, ಮುಂಬೈ, ಬಳ್ಳಾರಿ, ಮದ್ರಾಸು. ಭಾರತದ ಮೊದಲ ನಿಗದಿತ ದೇಶೀ ವಿಮಾನ ಮಾರ್ಗದಲ್ಲಿ ಇದ್ದದ್ದು ಈ ಐದೇ ಊರು. ಬೆಂಗಳೂರು ಇಲ್ಲ, ಮೈಸೂರು ಇಲ್ಲ, ಬಳ್ಳಾರಿ ಇದೆ. ನನಗಂತೂ ಇದು ಗೊತ್ತೇ ಇರಲಿಲ್ಲ. ನಮ್ಮ ಶಾಲೆಯಲ್ಲಿ ಬಳ್ಳಾರಿ ಅಂದರೆ ಕೋಟೆ, ಬಿಸಿಲು, ಅದಿರು, ಅಷ್ಟೇ.

ಬಳ್ಳಾರಿ ಯಾಕೆ? ಆಗ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು (ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರಿನಲ್ಲಿ), ದೊಡ್ಡ ದಂಡು ಪ್ರದೇಶ ಬೇರೆ. ಅದಕ್ಕಿಂತ ಮುಖ್ಯವಾಗಿ ನಕ್ಷೆ ನೋಡಿ. ಮುಂಬೈಯಿಂದ ಮದ್ರಾಸಿಗೆ ಗೆರೆ ಎಳೆದರೆ ಬಳ್ಳಾರಿ ಅದಕ್ಕೆ ಹತ್ತಿರದಲ್ಲೇ ಬರುತ್ತದೆ. ಮುಂಬೈಯಿಂದ ನೇರ ದೂರ ಸುಮಾರು 615 ಕಿ.ಮೀ., ಅಲ್ಲಿಂದ ಮದ್ರಾಸಿಗೆ ಸುಮಾರು 425. ಗಂಟೆಗೆ 160 ಕಿ.ಮೀ. ಆಸುಪಾಸಿನಲ್ಲಿ ಹೋಗುವ ವಿಮಾನಕ್ಕೆ ಮಧ್ಯಾಹ್ನ ಬಿಟ್ಟರೆ ಕತ್ತಲಾಗುವ ಹೊತ್ತಿಗೆ ಬಳ್ಳಾರಿ. ಅಕ್ಷಾಂಶ ರೇಖಾಂಶ ಹಾಕಿ ಒಂದು ಚಿಕ್ಕ ಪ್ರೋಗ್ರಾಂ ಬರೆದು ನೋಡಿದೆ (ಚಟ!). ಮುಂಬೈ-ಬಳ್ಳಾರಿ ಗೆರೆ ಕಂಪ್ಲಿ ಪಕ್ಕದಲ್ಲೇ ಹಾದು ಹೋಗುತ್ತದೆ. ಆಗಿನವರು ಸ್ಕೇಲಿಟ್ಟು ಎಳೆದಂತೆ ಹಾರುತ್ತಿರಲಿಲ್ಲ, ನದಿ, ಗುಡ್ಡ, ರೈಲು ಹಳಿ ನೋಡಿಕೊಂಡು ಹೋಗುತ್ತಿದ್ದರು. ಆದರೂ ಆ ಸಂಜೆ ಕಂಪ್ಲಿಯ ಗದ್ದೆಯಲ್ಲಿದ್ದ ಯಾರೋ ಒಬ್ಬರು ತಲೆ ಎತ್ತಿ ನೋಡಿರಬಹುದು ಅಂದುಕೊಳ್ಳಲು ನನಗೆ ಖುಷಿ.

ಮುಂದೆ ಆ ಮಾರ್ಗದಲ್ಲಿ ಬಳ್ಳಾರಿಯ ಬದಲು ಹೈದರಾಬಾದ್ ಬಂತು. ಅಲ್ಲಿಗೆ ನಮ್ಮ ಕಥೆ ಮುಗಿಯಿತು. ಟಪಾಲು ವಿಮಾನ ಟಾಟಾ ಏರ್‌ಲೈನ್ಸ್ ಆಗಿ, ಏರ್ ಇಂಡಿಯಾ ಆಗಿ, 1953ರಲ್ಲಿ ಸರ್ಕಾರದ್ದಾಗಿ, 2022ರ ಜನವರಿಯಲ್ಲಿ ಮತ್ತೆ ಟಾಟಾಗಳಿಗೇ ಬಂದದ್ದು ನಿಮಗೆಲ್ಲ ಗೊತ್ತು. ವಿನ್ಸೆಂಟ್ 1942ರಲ್ಲಿ, ಯುದ್ಧದ ಮಧ್ಯೆ, ವಿಮಾನದಲ್ಲೇ ತೀರಿಕೊಂಡ. ಜೆ.ಆರ್.ಡಿ.ಯವರನ್ನು 1978ರಲ್ಲಿ ಸರ್ಕಾರ ಏರ್ ಇಂಡಿಯಾ ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಅಂದರೆ 1982ರಲ್ಲಿ ಹಾರಿಸಿದ್ದು ಒಂದು ಲೆಕ್ಕದಲ್ಲಿ ನಿವೃತ್ತ ಮನುಷ್ಯ. ಕೇಳಿ ಪಡೆದ ನಿವೃತ್ತಿಯೂ ಅಲ್ಲ ಅದು.

ಇದನ್ನೆಲ್ಲ ಫೋನಿನಲ್ಲಿ ಉತ್ಸಾಹದಿಂದ ಹೇಳಿದೆ. ಮಾಮ ಹ್ಞೂಂ ಹ್ಞೂಂ ಅಂತ ಕೇಳಿ ಒಂದೇ ಪ್ರಶ್ನೆ ಹಾಕಿದ. "ಅದು ಸರಿ, 82ರಾಗ ಅವ್ರು ಹಾರಿಸಿದ ಗಾಡಿ ಎಷ್ಟು ವರ್ಷದ್ದು? ಅದನ್ನ ಯಾರು ನೋಡ್ಕಂತಿದ್ರು?"

ನಾನು ಯೋಚಿಸಿಯೇ ಇರಲಿಲ್ಲ ನೋಡಿ.

1982ರಲ್ಲಿ ಹಾರಿಸಿದ್ದು ಪುಸ್ ಮಾತ್ ಅಲ್ಲ, ಅದರ ತಮ್ಮ ಲೆಪರ್ಡ್ ಮಾತ್. 1962ರ ನೆನಪಿನ ಹಾರಾಟಕ್ಕೂ ಲೆಪರ್ಡ್ ಮಾತನ್ನೇ ಬಳಸಿದ್ದರು. ಡಿ ಹ್ಯಾವಿಲ್ಯಾಂಡ್ ಕಂಪನಿ 1933ರಿಂದ ಮೂರ್ನಾಲ್ಕು ವರ್ಷ ಮಾಡಿದ ಮಾದರಿ, ಒಟ್ಟು 133 ಮಾತ್ರ. ಅಂದರೆ 78 ವರ್ಷದ ಪೈಲಟ್ಟಿಗೆ ಹತ್ತಿರ ಹತ್ತಿರ 50 ವರ್ಷದ ವಿಮಾನ. ಪುಸ್ ಮಾತಿನ ಮೈ ಉಕ್ಕಿನ ಕೊಳವೆಗಳದ್ದು, ರೆಕ್ಕೆ ಮರದ್ದು, ಮೇಲೆ ಬಟ್ಟೆ ಎಳೆದು ಡೋಪ್ ಅನ್ನೋ ಮೆರುಗೆಣ್ಣೆ ಹಚ್ಚುವುದು. ಅದು ಒಣಗಿದಾಗ ಬಟ್ಟೆ ತಮಟೆಯಂತೆ ಬಿಗಿಯಾಗುತ್ತದೆ. ಲೆಪರ್ಡ್ ಮಾತ್‌ನಲ್ಲಿ ಮೈಯೂ ಪ್ಲೈವುಡ್. ಬಟ್ಟೆಯನ್ನು ಬಿಸಿಲು ತಿನ್ನುತ್ತದೆ, ಕೆಲ ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಹೊಸದು ಹೊದಿಸಬೇಕು. ಆ ಕಾಲದಲ್ಲಿ ಮರ ಅಂಟಿಸಲು ಬಳಸುತ್ತಿದ್ದದ್ದು ಹಾಲಿನ ಕೇಸೀನಿನಿಂದ ಮಾಡಿದ ಅಂಟು, ತೇವ ಹೊಕ್ಕರೆ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಯಾರೋ ರೆಕ್ಕೆಯೊಳಗೆ ಟಾರ್ಚ್ ಬಿಟ್ಟು ಒಂದೊಂದು ಕೀಲೂ ಬಡಿದು ನೋಡಿರಲೇಬೇಕು, ಐವತ್ತು ವರ್ಷ. ಮುದುಕರ ಹೆಸರು ಪೇಪರಿನಲ್ಲಿ ಬಂತು, ಟಾರ್ಚ್ ಬಿಟ್ಟವನ ಹೆಸರು ಬರಲಿಲ್ಲ. "ನಮ್ದೂ ಅಷ್ಟೇ ಅಲ್ಲ, ಎಂದರ ಲೋಕೋ ಮ್ಯಾಲೆ ಫಿಟ್ಟರ್ ಹೆಸ್ರು ನೋಡಿಯೇನು?" ಅಂದ ಮಾಮ. ಬೇಜಾರಿನಲ್ಲಿ ಅಲ್ಲ, ನಗುತ್ತಲೇ.

ಈಗಿನ ವಿಷಯಕ್ಕೆ ಬರೋಣ. ಮಾಮ ಕೇಳುವಂಥ ವಿಮಾನಕ್ಕೆ ಲೈಟ್ ಸ್ಪೋರ್ಟ್ ಅನ್ನುತ್ತಾರೆ. ಅಮೆರಿಕದಲ್ಲಿ 2004ರಲ್ಲಿ ಈ ವರ್ಗ ಹುಟ್ಟಿತು. ಹೆಚ್ಚೆಂದರೆ ಎರಡು ಸೀಟು, ಒಂದೇ ಎಂಜಿನ್, ಎಲ್ಲ ಸೇರಿ 600 ಕಿಲೋ (2025ರಲ್ಲಿ ನಿಯಮ ಸಾಕಷ್ಟು ಸಡಿಲ ಮಾಡಿದ್ದಾರೆ). ಹಾರಿಸುವವರಿಗೆ ದೊಡ್ಡ ವೈದ್ಯಕೀಯ ಪರೀಕ್ಷೆಯ ಬದಲು ಕಾರಿನ ಡ್ರೈವಿಂಗ್ ಲೈಸೆನ್ಸ್ ಇದ್ದರೂ ನಡೆಯುತ್ತದೆ ಅಂದರು. ಅಲ್ಲಿನ ನಿವೃತ್ತರಿಗೆ ಹಬ್ಬವಾಯಿತು. 2021ರ ಅಕ್ಟೋಬರ್ 15ರಂದು ಆರೋಹಿ ಪಂಡಿತ್ ಅನ್ನೋ ಪೈಲಟ್ ಇಂಥದೇ ಪುಟ್ಟ ವಿಮಾನದಲ್ಲಿ ಜೆ.ಆರ್.ಡಿ.ಯವರ ಹಾರಾಟವನ್ನು ನೆನಪಿಸಿದರು. ಕರಾಚಿಗೆ ಹೋಗುವಂತಿರಲಿಲ್ಲ, ಭುಜ್‌ನಿಂದ ಅಹಮದಾಬಾದ್ ಮೂಲಕ ಜುಹುಗೆ. ಜಿಪಿಎಸ್ ಇಲ್ಲ, 60 ಲೀಟರಿಗೂ ಕಡಿಮೆ ಪೆಟ್ರೋಲು. ಅದಕ್ಕೆ ಎರಡು ವರ್ಷ ಮೊದಲು ಅದೇ ವಿಮಾನದಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದ್ದರು. (ಜುಹುವಿನಿಂದ ಬಳ್ಳಾರಿಗೂ ಬಂದಿದ್ದರೆ ನಾವು ಹಾರ ಹಾಕಿ ಮಿರ್ಚಿ ಮಂಡಕ್ಕಿ ಕೊಡುತ್ತಿದ್ದೆವು.)

ಸಣ್ಣ ವಿಮಾನಕ್ಕೂ ನಮ್ಮ ರಾಜ್ಯಕ್ಕೂ ನಂಟು ಕಮ್ಮಿ ಏನಿಲ್ಲ. ಬೆಂಗಳೂರಿನ ಎಚ್‌ಎಎಲ್ ಮಾಡಿದ ಪುಷ್ಪಕ್ 1958ರಲ್ಲಿ ಮೊದಲ ಸಲ ಹಾರಿತು. ಕೊಳವೆ, ಬಟ್ಟೆ, 90 ಅಶ್ವಶಕ್ತಿಯ ಎಂಜಿನ್, ಎರಡು ಸೀಟು. ಸುಮಾರು 160 ಮಾಡಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಲ್ಲ ಕೊಟ್ಟರು, ಅದರಲ್ಲಿ ಕಲಿತ ಪೈಲಟ್ಟುಗಳಿಗೆ ಲೆಕ್ಕವಿಲ್ಲ. ಎನ್‌ಎಎಲ್‌ನ ಹಂಸ 1993ರಲ್ಲಿ ಹಾರಿತು. ಅದು ಪೂರಾ ಫೈಬರ್, ಬಟ್ಟೆಯೂ ಇಲ್ಲ, ತುಕ್ಕೂ ಇಲ್ಲ. ಹಾಗಂತ ಬಿಸಿಲಲ್ಲಿ ಬಿಡುವಂತಿಲ್ಲ, ಬಿಸಿ ಜಾಸ್ತಿಯಾದರೆ ಫೈಬರಿನ ರಾಳ ಮೆತ್ತಗಾಗುತ್ತದೆ. ಇಂಥ ವಿಮಾನಗಳು ಹೆಚ್ಚಾಗಿ ಬೆಳ್ಳಗಿರುವುದು ಅದಕ್ಕೇ, ಚೆಂದಕ್ಕಲ್ಲ.

ನನಗೆ ನಗು ಬಂದದ್ದು ಇನ್ನೊಂದು ವಿಷಯಕ್ಕೆ. ಜೋಯಲ್ ಕೋಶ್ಲಾ ಅನ್ನುವ ಫ್ರೆಂಚರು ಬೆಂಗಳೂರಿನಲ್ಲಿ ಶುರು ಮಾಡಿದ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ಅನ್ನೋ ಕಿಟ್ ವಿಮಾನ ಇಂಗ್ಲೆಂಡು, ಫ್ರಾನ್ಸಿನಲ್ಲಿ ಬಹಳ ಜನಪ್ರಿಯ. ಅಲ್ಲಿನವರು ಪೆಟ್ಟಿಗೆ ತರಿಸಿ, ತಮ್ಮ ಶೆಡ್ಡಿನಲ್ಲಿ ತಾವೇ ಜೋಡಿಸಿ ಹಾರಿಸಿದ್ದಾರೆ. ಅದರ ಹೊದಿಕೆ ಹಾಯಿ ಬಟ್ಟೆಯಂಥದ್ದು, ಅದನ್ನೂ ಬಿಸಿಲು ತಿನ್ನುತ್ತದೆ. ಇಂಗ್ಲೆಂಡಿನಲ್ಲಿ ಅದನ್ನು ಪರೀಕ್ಷಿಸೋದು ಹೇಗೆ ಗೊತ್ತೇ? ಬಟ್ಟೆಗೆ ಒಂದು ಸೂಜಿ ಚುಚ್ಚಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯುತ್ತಾರೆ, ಇಂತಿಷ್ಟು ಭಾರಕ್ಕೆ ಹರಿಯದಿದ್ದರೆ ಪಾಸ್! ಮಾಮನಿಗೆ ಇದು ಬಹಳ ಹಿಡಿಸಿತು. ನಮ್ಮ ಊರಿನವರು ಮಾಡಿದ್ದನ್ನು ಅಲ್ಲಿಯವರು ತಾವೇ ಬಿಚ್ಚಿ ಜೋಡಿಸಬಹುದು, ನಮ್ಮ ಮಾಮನಿಗೆ ಮಾತ್ರ ಆಗುವುದಿಲ್ಲ. ಇಲ್ಲಿ ಲೈಸೆನ್ಸ್ ಇರುವ ವಿಮಾನ ನಿರ್ವಹಣಾ ಎಂಜಿನಿಯರ್ ಸಹಿ ಹಾಕಬೇಕು. ಖಾಸಗಿ ಪೈಲಟ್ ಲೈಸೆನ್ಸಿಗೆ ಕಡಿಮೆ ಅಂದರೂ 40 ಗಂಟೆ ಹಾರಾಟ, ಜೊತೆಗೆ ವೈದ್ಯಕೀಯ ಪರೀಕ್ಷೆ. 38 ವರ್ಷ ಲೋಕೋಗಳ ಹೊಟ್ಟೆ ಬಗೆದವನು ತನ್ನ ವಿಮಾನದ ಕೆಲಸಕ್ಕೆ ಇನ್ನೊಬ್ಬರ ಸಹಿ ಕಾಯಬೇಕು. ನಾನು ಇದನ್ನು ಹೇಳಿ ಬೈಗುಳ ನಿರೀಕ್ಷಿಸಿದ್ದೆ. "ಸಹಿ ಇರ್ಬೇಕಪ. ಸಹಿ ಇಲ್ದೆ ಗಾಡಿ ಶೆಡ್ ಬಿಡಬಾರ್ದು" ಅಂದ.

ಆಮೇಲೆ ಎಂಜಿನ್. ಇಂಥ ವಿಮಾನಗಳಲ್ಲಿ ಬಹುಪಾಲು ಆಸ್ಟ್ರಿಯಾದ ರೋಟ್ಯಾಕ್ಸ್ 912 ಇರುತ್ತದೆ. ಅದರ ನಿಯಮಗಳನ್ನು ಓದುತ್ತಾ ಹೋದೆ. 100 ಗಂಟೆಗೊಮ್ಮೆ ಆಯಿಲ್. ಸೀಸ ಇರುವ ವಿಮಾನ ಪೆಟ್ರೋಲು ಹಾಕಿದರೆ 50 ಗಂಟೆಗೇ. ಹಾಗಾದರೆ ಬಂಕಿನ ಪೆಟ್ರೋಲು ಹಾಕಿದರಾಯಿತಲ್ಲ? ಹಾಕಬಹುದಿತ್ತು, ಆದರೆ ಇದಕ್ಕೆ ಎಥನಾಲ್ ಶೇಕಡಾ 10ರವರೆಗೆ ಮಾತ್ರ ಒಪ್ಪಿಗೆ. ನಮ್ಮ ಬಂಕುಗಳಲ್ಲಿ 2025ರ ಹೊತ್ತಿಗೆ ಶೇಕಡಾ 20ಕ್ಕೆ ಬಂದಾಯಿತು. ಸೀಸದ ವಿಮಾನ ಪೆಟ್ರೋಲನ್ನು ಇಂಡಿಯನ್ ಆಯಿಲ್ ಇಲ್ಲೇ ತಯಾರಿಸಲು ಶುರು ಮಾಡಿದ್ದೇ 2022ರಲ್ಲಿ. ಜೊತೆಗೆ ನಮ್ಮ ಸಂಡೂರು ಕಡೆಯ ಕೆಂಪು ಧೂಳು. ಮನೆಯ ಫ್ಯಾನೇ ಕೆಂಪಾಗುವ ಊರಲ್ಲಿ ಏರ್ ಫಿಲ್ಟರ್ ಗತಿ ಏನು?

ರಬ್ಬರ್ ಪೈಪುಗಳನ್ನೆಲ್ಲ 5 ವರ್ಷಕ್ಕೊಮ್ಮೆ ಬದಲಿಸಬೇಕು. ಇಡೀ ಎಂಜಿನ್ 2000 ಗಂಟೆ ಅಥವಾ 15 ವರ್ಷಕ್ಕೆ ಓವರ್‌ಹಾಲ್, ಯಾವುದು ಮೊದಲೋ ಅದು. ವಾರಕ್ಕೆ ಒಂದು ಗಂಟೆ ಹಾರಿಸುವ ನಿವೃತ್ತನಿಗೆ 2000 ಗಂಟೆ ಈ ಜನ್ಮದಲ್ಲಿ ಮುಗಿಯುವುದಿಲ್ಲ, ವರ್ಷಕ್ಕೆ 50 ಗಂಟೆಯಂತೆ 40 ವರ್ಷ ಬೇಕು. ಅವನಿಗೆ ಅನ್ವಯಿಸುವುದು ಕ್ಯಾಲೆಂಡರ್. 60ಕ್ಕೆ ಹೊಸದು ಕೊಂಡರೆ 75ಕ್ಕೆ ಎಂಜಿನ್ ಬಿಚ್ಚಬೇಕು. ಜೆ.ಆರ್.ಡಿ. ವಯಸ್ಸು ಮುಟ್ಟಲು ಇನ್ನೂ ಮೂರು ವರ್ಷ ಬಾಕಿ ಇರುತ್ತದೆ, ಆಗ ಮತ್ತೆ ಅಷ್ಟು ದುಡ್ಡು ಸುರಿಯಬೇಕು.

ಇದನ್ನು ಹೇಗೆ ಹೇಳೋದು ಅಂತ ಎರಡು ದಿನ ಫೋನೇ ಮಾಡಲಿಲ್ಲ. ಪಿಎಫ್, ಗ್ರಾಚ್ಯುಯಿಟಿ ಎಲ್ಲ ಗುಡ್ಡೆ ಹಾಕಿದರೂ ಸಾಲದು ಅನ್ನೋದಂತೂ ಮೊದಲ ದಿನವೇ ಇಬ್ಬರಿಗೂ ಗೊತ್ತಿತ್ತು, ಅದನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ. ಕಡೆಗೆ ಮುಂದಿನ ವಾರ ಊರಿಗೇ ಹೋದೆ. ಸಂಜೆ ಕೆರೆ ಏರಿಯ ಮೇಲೆ ಕೂತು ಎಲ್ಲ ಹೇಳಿದೆ, 15 ವರ್ಷದ ಲೆಕ್ಕವನ್ನೂ. ಮಾಮ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಬರೋಬ್ಬರಿ ಐತಿ ಅದು. ನಿಂತ ಎಂಜಿನ್ ಓಡೋ ಎಂಜಿನ್‌ಗಿಂತ ಬೇಗ ಕೆಡ್ತತಿ. ಆಯಿಲ್ ಎಲ್ಲ ಕೆಳಗೆ ಇಳಿದು ಬಿಡ್ತತಿ, ಸಿಲಿಂಡರ್ ಗೋಡೆ ಒಣಗಿ ತುಕ್ಕು ಹಿಡಿತತಿ. ಮಳೆಗಾಲದಾಗ ಮೂರು ತಿಂಗ್ಳು ನಿಲ್ಲಿಸಿದ್ರಂತೂ ಮುಗೀತು. ಗಂಟೆ ಲೆಕ್ಕ ಇಟ್ಟೋನು ಅರ್ಧ ಶಾಣ್ಯಾ, ವರ್ಷದ ಲೆಕ್ಕಾನೂ ಇಟ್ಟೋನು ಪೂರಾ ಶಾಣ್ಯಾ" ಅಂದ.

ಬಳ್ಳಾರಿಯ ಬಗ್ಗೆ ಆಮೇಲೆ ಕೇಳಿದ. ವಿನ್ಸೆಂಟ್ ರಾತ್ರಿ ತಂಗಿದಾಗ ವಿಮಾನಕ್ಕೆ ಏನು ಮಾಡಿರಬಹುದು ಅಂತ. ಮಾಮನೇ ಉತ್ತರವನ್ನೂ ಕೊಟ್ಟ. ಮೊದಲು ಎಂಜಿನ್ ಆರಲು ಬಿಟ್ಟಿರುತ್ತಾರೆ. ಆಯಿಲ್ ನೋಡಿರುತ್ತಾರೆ, ಪೆಟ್ರೋಲನ್ನು ಬಟ್ಟೆಯಲ್ಲೋ ತೊಗಲಲ್ಲೋ ಸೋಸಿ ತುಂಬಿರುತ್ತಾರೆ. ಗಾಳಿಗೆ ಏಳದಂತೆ ಗೂಟಕ್ಕೆ ಕಟ್ಟಿರುತ್ತಾರೆ. ಬೆಳಿಗ್ಗೆ ಯಾರೋ ಒಬ್ಬ ಪ್ರೊಪೆಲ್ಲರ್ ತಿರುವಿರುತ್ತಾನೆ. "ಅವ್ನು ಬಳ್ಳಾರಿಯವ್ನೇ ಇರ್ಬೇಕು ನೋಡು."

ಇರಬಹುದು. ಬಳ್ಳಾರಿಯಲ್ಲಿ ಇವತ್ತಿಗೂ ಒಂದು ಹಳೇ ಏರ್‌ಸ್ಟ್ರಿಪ್ ಇದೆ. ಚಾಗನೂರು, ಸಿರಿವಾರದ ಹತ್ತಿರ ಹೊಸದು ಕಟ್ಟುತ್ತೇವೆ ಅಂತ ಜಮೀನು ತೆಗೆದುಕೊಂಡದ್ದು, ರೈತರು ವಿರೋಧಿಸಿದ್ದು ಎಲ್ಲ ನೀವು ಪೇಪರಿನಲ್ಲಿ ಓದಿರುತ್ತೀರಿ. ನೀರಾವರಿ ಭೂಮಿ ಕಳೆದುಕೊಳ್ಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ 1932ರಲ್ಲಿ ದೇಶದ ಐದು ಊರುಗಳಲ್ಲಿ ಒಂದಾಗಿದ್ದ ನಮ್ಮ ಊರಲ್ಲಿ ಅದನ್ನು ನೆನಪಿಸುವ ಒಂದು ಕಲ್ಲಾದರೂ ಇರಬೇಕಿತ್ತು ಅನ್ನಿಸುತ್ತದೆ.

ಕತ್ತಲಾಯಿತು, ಎದ್ದೆವು. ಕರಡಿ ಓಡಾಡುವ ಜಾಗ ನೋಡಿ, ತಡ ಮಾಡುವಂತಿಲ್ಲ. ಸದ್ಯಕ್ಕೆ ವಿಮಾನ ಕೊಳ್ಳುವ ಮಾತು ನಿಂತಿದೆ, ಅತ್ತೆಗೆ ಸಮಾಧಾನ. ಆದರೆ ನಿನ್ನೆ ರಾತ್ರಿ ಮಾಮನ ಫೋನ್ ಬಂದಿತ್ತು. ಆ ರೋಟ್ಯಾಕ್ಸ್ ಎಂಜಿನ್ನಿನ ಮೆಂಟೆನೆನ್ಸ್ ಪುಸ್ತಕ ಪೂರ್ತಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ತರಬೇಕಂತೆ. ಚಿತ್ರ ಇರೋ ಹಾಳೆ ಎಲ್ಲ ಕಲರ್. ಇಂಗ್ಲಿಷ್ ಪದಗಳಿಗೆ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಲು ಜಾಗ ಬಿಡಿಸಬೇಕಂತೆ. ಮುಂದಿನ ತಿಂಗಳು ಬೆಂಗಳೂರಿಗೆ ಬಂದಾಗ ಜಕ್ಕೂರಿಗೂ ಕರೆದುಕೊಂಡು ಹೋಗಬೇಕಂತೆ, ಹಾರಲಿಕ್ಕಲ್ಲ, ಹ್ಯಾಂಗರಿನಲ್ಲಿ ಯಾರಾದರೂ ಕೌಲಿಂಗ್ ಬಿಚ್ಚಿದ್ದರೆ ನಿಂತು ನೋಡಲಿಕ್ಕೆ. ಒಳಗೆ ಬಿಡುತ್ತಾರೋ ಇಲ್ಲವೋ, ಯಾರನ್ನಾದರೂ ಕೇಳಬೇಕು. ನಿಮಗೆ ಯಾರಾದರೂ ಪರಿಚಯ ಇದ್ದರೆ ಹೇಳಿ.